ಚುಚ್ಚೋ ಮೊದಲು ಮಾತ್ರೆ ಯಾವುದು ಅಂತ ಕೇಳಿದ್ರು, ಅದಕ್ಕೇ ನಾಲ್ಕು ಸ್ಟಾರ್

ದಾವಣಗೆರೆಯಲ್ಲಿ ಬೆಣ್ಣೆದೋಸೆ ಹೋಟೆಲ್ ಎಷ್ಟಿವೆಯೋ ಲ್ಯಾಬ್‌ಗಳೂ ಅಷ್ಟೇ ಇವೆ. ಆದ್ರೂ ನಾವು ಒಂದೇ ಪರೀಕ್ಷೆಗೆ ಎರಡು ಸಲ ದುಡ್ಡು ಸುರಿದೆವು.

ತಮ್ಮನ ಎಡಗಾಲಿನ ಮೀನಖಂಡ ಊದಿಕೊಂಡಿತ್ತು. ಡಾಪ್ಲರ್ ಸ್ಕ್ಯಾನ್ ಮಾಡಿಸಿದರೆ ರಕ್ತನಾಳದಲ್ಲಿ ಹೆಪ್ಪು. ವಯಸ್ಸು 32, ಬಿದ್ದಿಲ್ಲ, ಆಪರೇಷನ್ ಆಗಿಲ್ಲ. ಅಪ್ಪನಿಗೂ ಹೀಗೇ ಆಗಿತ್ತಲ್ಲ, ವಂಶದಲ್ಲೇ ಇರಬಹುದು ಅಂತ ಡಾಕ್ಟರನ್ನೂ ಕೇಳದೆ ಬೇರೊಂದು ಲ್ಯಾಬ್‌ನ ಥ್ರಾಂಬೋಫಿಲಿಯಾ (ರಕ್ತ ಬೇಗ ಹೆಪ್ಪುಗಟ್ಟೋ ಗುಣ) ಪ್ಯಾಕೇಜ್ ಬುಕ್ ಮಾಡಿಬಿಟ್ಟೆ. ಮನೆಗೇ ಬಂದು ರಕ್ತ ತಗೊಂಡು ಹೋದರು, ಒಂದು ಮಾತೂ ಕೇಳಲಿಲ್ಲ. ರಿಪೋರ್ಟಲ್ಲಿ ಹೆಪ್ಪುಗಟ್ಟೋದನ್ನ ತಡೆಯೋ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಎರಡೂ ಕಮ್ಮಿ. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಡಾಕ್ಟರು ನೋಡಿ, "ವಾರ್ಫರಿನ್ ನುಂಗ್ತಿರೋರಿಗೆ ಕಮ್ಮಿ ಬರದೆ ಇನ್ನೇನ್ ಬರುತ್ರೀ?" ಅಂದರು. ಹೆಪ್ಪಿಗೆ ಅಂತ ತಮ್ಮ ಆಗಲೇ ನುಂಗ್ತಿದ್ದ ಆ ಮಾತ್ರೆ ತಡೆಯೋದೇ ವಿಟಮಿನ್ ಕೆ ಕೆಲಸವನ್ನ, ಈ ಎರಡು ಪ್ರೋಟೀನ್‌ಗೂ ಅದೇ ವಿಟಮಿನ್ ಬೇಕು. ದುಡ್ಡು ನೀರಿಗೆ ಹೋಯ್ತು.

ಆರು ತಿಂಗಳಾದ ಮೇಲೆ ಡಾಕ್ಟರೇ ಮಾತ್ರೆ ನಿಲ್ಲಿಸಿ, ಒಂದು ತಿಂಗಳು ಬಿಟ್ಟು ಈ ಲ್ಯಾಬ್‌ಗೆ ಕಳಿಸಿದರು. ಇಲ್ಲಿಯ ಹುಡುಗಿ ಸೂಜಿ ಮುಟ್ಟೋ ಮೊದಲೇ ಕೇಳಿದಳು: ಯಾವ ಮಾತ್ರೆ, ಯಾವಾಗ ನಿಲ್ಲಿಸಿದ್ದು, ಹೆಪ್ಪು ತಡೆಯೋ ಹೆಪಾರಿನ್ ಇಂಜೆಕ್ಷನ್ ಏನಾದ್ರೂ ನಡೀತಿದೆಯಾ ಅಂತ. ನೀಲಿ ಮುಚ್ಚಳದ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ, ರಕ್ತ ಗೆರೆಯವರೆಗೆ ಬಂದಿಲ್ಲ ಅಂತ ಬದಿಗಿಟ್ಟು ಇನ್ನೊಂದು ತೆಗೆದಳು. ರಕ್ತ ಹೆಪ್ಪುಗಟ್ಟದಂತೆ ಅದರೊಳಗೆ ಹಾಕಿರೋ ಸಿಟ್ರೇಟ್ ಒಂದು ಪಾಲಾದರೆ ರಕ್ತ ಒಂಬತ್ತು ಪಾಲು ಇರಲೇಬೇಕಂತೆ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತೆ. ತಮ್ಮ ಮುಖ ಹುಳ್ಳಗೆ ಮಾಡಿಕೊಂಡ, ನನಗೆ ಮಾತ್ರ ಖುಷಿಯಾಯ್ತು.

ಈ ಸಲ ಪ್ರೋಟೀನ್ ಎರಡೂ ಸರಿ ಬಂದವು. ಸಿಕ್ಕಿದ್ದು ಫ್ಯಾಕ್ಟರ್ ಫೈವ್ ಲೈಡನ್ ಅನ್ನೋ ಜೀನ್ ಬದಲಾವಣೆ, ಅದೂ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದ ಒಂದೇ ಪ್ರತಿ. ನೆದರ್‌ಲ್ಯಾಂಡ್ಸ್‌ನ ಲೈಡನ್ ಊರಿನವರು 1994ರಲ್ಲಿ ಕಂಡುಹಿಡಿದದ್ದಕ್ಕೆ ಆ ಹೆಸರು. ಇದು ಜೀನ್ ಪರೀಕ್ಷೆ, ಮಾತ್ರೆ ನುಂಗುವಾಗಲೂ ಮಾಡಬಹುದಿತ್ತಂತೆ! ಹೀಗಿದ್ದವರಿಗೆಲ್ಲ ಹೆಪ್ಪುಗಟ್ಟೋದಿಲ್ಲ, ಅಪಾಯ ಜಾಸ್ತಿ ಅಷ್ಟೇ.

ಒಂದು ಸ್ಟಾರ್ ಕಟ್ ಮಾಡಿದ್ದು ರಿಪೋರ್ಟ್‌ಗೆ. ಮೂರು ದಿನ ಅಂದವರು ಒಂಬತ್ತು ದಿನ ಕಾಯಿಸಿದರು, ಕೇಳಿದಾಗಲೆಲ್ಲ "ಸ್ಯಾಂಪಲ್ ಬೆಂಗಳೂರಿಗೆ ಹೋಗಿದೆ ಮೇಡಂ". ಗಾಡಿ ನಿಲ್ಲಿಸೋಕೂ ಜಾಗ ಇಲ್ಲ.

ಅಪ್ಪನಿಂದ ಬಂದಿದ್ದರೆ ನನಗೂ ಇರೋ ಸಾಧ್ಯತೆ ಅರ್ಧಕ್ಕರ್ಧ. ನಾನು ನುಂಗುತ್ತಿದ್ದ ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೋಜನ್ ಇತ್ತು, ಅದೂ ಹೆಪ್ಪಿನ ಅಪಾಯ ಹೆಚ್ಚಿಸುತ್ತಂತೆ. ಡಾಕ್ಟರು ಬದಲಿಸಿಕೊಟ್ಟರು. ಸೋಮವಾರ ನನ್ನ ರಕ್ತಾನೂ ಇಲ್ಲೇ ಕೊಡ್ತೀನಿ, ಆಟೋದಲ್ಲಿ ಹೋಗಿ.