ಪರದೆ, ಮೇಸ್ತ್ರಿ, ಶಾಲೆ: ಎಲೆಕ್ಟ್ರಿಷಿಯನ್ ಆಗಲು ನಾನು ನಡೆದ ಮೂರು ದಾರಿಗಳ ಹೋಲಿಕೆ

ಎಲೆಕ್ಟ್ರಿಷಿಯನ್ ಕೆಲಸ ಕಲಿಯಲು ಮುಖ್ಯವಾಗಿ ಮೂರು ದಾರಿಗಳಿವೆ. ಪರದೆಯ ಮುಂದೆ ಕುಳಿತು ಕಲಿಯುವ ಅಲ್ಪಾವಧಿ ಕೋರ್ಸ್ ಒಂದು, ಅನುಭವಿ ಮೇಸ್ತ್ರಿಯ ಕೈಕೆಳಗೆ ಸಹಾಯಕನಾಗಿ ಸೇರಿ ಕಲಿಯುವುದು ಇನ್ನೊಂದು, ತರಬೇತಿ ಶಾಲೆಗೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರುವುದು ಮತ್ತೊಂದು. ಯಾವುದಾದರೂ ಒಂದನ್ನು ಆರಿಸಿಕೊಳ್ಳುವ ವಿವೇಕ ನನಗೆ ಆಗ ಇರಲಿಲ್ಲವಾದ್ದರಿಂದ ಮೂರನ್ನೂ ಇದೇ ಕ್ರಮದಲ್ಲಿ ಮಾಡಿ ನೋಡಿದೆ: 6 ವಾರ ಪರದೆಯ ಮುಂದೆ, 14 ತಿಂಗಳು ಮೇಸ್ತ್ರಿಯ ಹಿಂದೆ, 2 ವರ್ಷ ಶಾಲೆಯಲ್ಲಿ.

ಇಂತಹ ಹೋಲಿಕೆಗೆ ಕುಳಿತವರು ಸಾಮಾನ್ಯವಾಗಿ ಓದು ಮೇಲೋ ಅನುಭವ ಮೇಲೋ ಎಂಬ ಹಳೆಯ ವಾದಕ್ಕೆ ಇಳಿಯುತ್ತಾರೆ. ನನಗೆ ಆ ವಾದದಿಂದ ಏನೂ ತಿಳಿಯಲಿಲ್ಲ. ಮೂರು ದಾರಿಗಳ ನಿಜವಾದ ವ್ಯತ್ಯಾಸ ತಿಳಿದದ್ದು, ನಾನು ತಪ್ಪು ಮಾಡಿದಾಗ ಅದು ಯಾರ ಕಣ್ಣಿಗೆ ಬೀಳುತ್ತದೆ ಮತ್ತು ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ಕೇಳಿಕೊಂಡಾಗ. ಬಡಗಿ ಕೂರಿಸಿದ ಬಾಗಿಲು ಸೊಟ್ಟಗಿದ್ದರೆ ಅದು ತಾನೇ ಹೇಳುತ್ತದೆ. ವಿದ್ಯುತ್ ಕೆಲಸದಲ್ಲಿ ಹಾಗಲ್ಲ, ಇಲ್ಲಿ ತಪ್ಪು ಮಾಡಿದರೂ ದೀಪ ಉರಿಯುತ್ತದೆ. ಸ್ವಿಚ್ಚನ್ನು ವಿದ್ಯುತ್ ತರುವ ಫೇಸ್ ತಂತಿಯ ಬದಲು, ಅದು ಮರಳುವ ನ್ಯೂಟ್ರಲ್‌ಗೆ ಜೋಡಿಸಿದರೂ ದೀಪ ಸರಿಯಾಗಿಯೇ ಹತ್ತುತ್ತದೆ, ಸರಿಯಾಗಿಯೇ ಆರುತ್ತದೆ. ಆರಿದ ಮೇಲೂ ಹೋಲ್ಡರಿನಲ್ಲಿ ಪೂರ್ಣ ವೋಲ್ಟೇಜ್ ಉಳಿದಿರುತ್ತದೆ ಎಂಬುದು ಬಲ್ಬ್ ಬದಲಿಸಲು ಕೈ ಹಾಕಿದವನಿಗೆ ಮಾತ್ರ ಗೊತ್ತಾಗುತ್ತದೆ.

ಪರದೆಯ ಕೋರ್ಸನ್ನು ಹಗುರವಾಗಿ ಕಾಣುವವರ ಸಾಲಿಗೆ ನಾನು ಸೇರುವುದಿಲ್ಲ. ಮೂರು ಫೇಸ್‌ಗಳ ಅಲೆಗಳು 120 ಡಿಗ್ರಿ ಅಂತರದಲ್ಲಿ ಒಂದರ ಹಿಂದೊಂದು ಏಳುವುದನ್ನೂ, ಮೂರರ ಮೇಲೂ ಹೊರೆ (ಲೋಡ್) ಸಮನಾಗಿದ್ದಾಗ ನ್ಯೂಟ್ರಲ್‌ನಲ್ಲಿನ ಪ್ರವಾಹ ಸೊನ್ನೆಗೆ ಇಳಿಯುವುದನ್ನೂ ಚಲಿಸುವ ಚಿತ್ರದಲ್ಲಿ ಕಂಡಾಗ ನನಗೆ ಅರ್ಥವಾದಷ್ಟು, ಮುಂದೆ ಶಾಲೆಯ ಕಪ್ಪುಹಲಗೆಯ ಮೇಲೆ ಅರ್ಥವಾಗಲಿಲ್ಲ. ಒಂದೇ ದೀಪವನ್ನು ಎರಡು ಕಡೆಯಿಂದ ನಿಯಂತ್ರಿಸುವ ಟು-ವೇ ಸ್ವಿಚ್ಚಿನ ಜೋಡಣೆಯನ್ನು ಹತ್ತು ಸಲ ಹಿಂದಕ್ಕೆ ಎಳೆದು ನೋಡಿದರೂ ಅಲ್ಲಿ ಬೇಸರಪಟ್ಟುಕೊಳ್ಳುವವರು ಯಾರೂ ಇಲ್ಲ. ಆದರೆ ತಪ್ಪನ್ನು ನೋಡುವವರೂ ಯಾರೂ ಇಲ್ಲ. ಕೋರ್ಸ್ ಮುಗಿದ ಉತ್ಸಾಹದಲ್ಲಿ ಹಲಗೆಯೊಂದರ ಮೇಲೆ ಸಾಕೆಟ್ ಜೋಡಿಸಿ, 3 ಕಿಲೋವಾಟ್‌ನ ಹೀಟರನ್ನು ಅದಕ್ಕೆ ಚುಚ್ಚಿದೆ. ಹೀಟರ್ ಚೆನ್ನಾಗಿಯೇ ನಡೆಯಿತು. ಸ್ವಲ್ಪ ಹೊತ್ತಿನ ಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಟರ್ಮಿನಲ್ಲಿನ ಸ್ಕ್ರೂ ಅರ್ಧ ತಾಮ್ರದ ಮೇಲೆ, ಅರ್ಧ ತಂತಿಯ ಹೊದಿಕೆಯ ಮೇಲೆ ಕುಳಿತಿತ್ತು.

ಆ ಸಡಿಲ ಜೋಡಣೆಯ ಲೆಕ್ಕವನ್ನು ನಾನು ಮಾಡಿದ್ದು ಬಹಳ ತಡವಾಗಿ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಶಾಖ ಸಿಗುತ್ತದೆ. 230 ವೋಲ್ಟ್‌ನಲ್ಲಿ ಆ ಹೀಟರ್ ಎಳೆಯುವುದು ಸುಮಾರು 13 ಆಂಪಿಯರ್. ಸಡಿಲ ಸ್ಪರ್ಶದಲ್ಲಿ ಕೇವಲ 0.1 ಓಮ್ ರೋಧ ಹುಟ್ಟಿಕೊಂಡರೂ ಸುಮಾರು 17 ವಾಟ್ ಶಾಖ ಅಲ್ಲೇ ಬಿಡುಗಡೆಯಾಗುತ್ತದೆ. ಸಣ್ಣ ಸಾಲ್ಡರಿಂಗ್ ಐರನ್ನೊಂದು ಕಾಯುವಷ್ಟು ಶಾಖವದು, ಉಗುರಿನಷ್ಟು ಜಾಗದಲ್ಲಿ. ಪ್ರವಾಹ ಮಿತಿ ಮೀರಿದರೆ ತಾನೇ ಬಿದ್ದು ವಿದ್ಯುತ್ ಕಡಿಯುವ ಸ್ವಿಚ್ಚು ಎಂಸಿಬಿ, ಭೂಮಿಗೆ ಸೋರಿದರೆ ಹಾಗೆ ಕಡಿಯುವುದು ಆರ್‌ಸಿಸಿಬಿ. ಇಲ್ಲಿ ಒಟ್ಟು ಪ್ರವಾಹ ಮಿತಿ ಮೀರಿರುವುದಿಲ್ಲವಾದ್ದರಿಂದ ಎಂಸಿಬಿ ಬೀಳುವುದಿಲ್ಲ; ಭೂಮಿಗೆ ಸೋರಿಕೆ ಇಲ್ಲವಾದ್ದರಿಂದ ಆರ್‌ಸಿಸಿಬಿಯೂ ಬೀಳುವುದಿಲ್ಲ. ಅಂದರೆ ಕಾವಲಿಗಿಟ್ಟ ಎರಡೂ ಉಪಕರಣಗಳ ಕಣ್ಣಿಗೆ ಕಾಣದ ತಪ್ಪು ಇದು. ವಿಡಿಯೋದಲ್ಲಿ ‘ಚೆನ್ನಾಗಿ ಬಿಗಿ ಮಾಡಿ’ ಎಂದಿದ್ದರು. ಚೆನ್ನಾಗಿ ಎಂದರೆ ಎಷ್ಟು ಎಂಬುದನ್ನು ಪರದೆ ಹೇಳಲಾರದು, ಅದಕ್ಕೆ ಪಕ್ಕದಲ್ಲಿ ಇನ್ನೊಂದು ಕೈ ಬೇಕು.

ಆ ಕೈ ಸಿಕ್ಕಿದ್ದು ಮೇಸ್ತ್ರಿಗಳ ಬಳಿ. ಮೊದಲ ಎರಡು ತಿಂಗಳು ನಾನು ಅಲ್ಲಿ ವಿದ್ಯುತ್ತಿನ ಮುಖವನ್ನೇ ನೋಡಲಿಲ್ಲ ಎನ್ನಬೇಕು. ಗೋಡೆಗೆ ಗುರುತು ಹಾಕುವುದು, ಗುರುತಿನ ಮೇಲೆ ಕೊರೆಯುವುದು, ಪೈಪು ಕೂರಿಸುವುದು, ಬಾಕ್ಸಿನ ಮಟ್ಟ ನೋಡುವುದು, ಸಂಜೆ ದೂಳು ಗುಡಿಸುವುದು ಇಷ್ಟೇ ಕೆಲಸ. ಅದನ್ನು ವ್ಯರ್ಥವೆಂದು ಆಗ ಎಣಿಸಿದ್ದೆ. ತಂತಿ ಎಳೆಯುವ ದಿನ ಬಂದಾಗ, ನಾನೇ ಕೂರಿಸಿದ ಪೈಪಿನಲ್ಲಿ ಬೇಡದ ಕಡೆ ಇಟ್ಟ ಒಂದು ಬೆಂಡ್ ನನ್ನನ್ನು ಅರ್ಧ ದಿನ ಕಾಡಿತು. ಪೈಪಿನೊಳಗಿನ ಜಾಗದಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ತಂತಿ ತುಂಬಬಾರದೆಂಬ ರೂಢಿಯ ನಿಯಮವನ್ನು ಶಾಲೆ ಮುಂದೆ ಕಲಿಸಿತು. ಮೇಸ್ತ್ರಿಗಳು ಅದನ್ನು ‘ತಂತಿ ಹಟ ಮಾಡ್ತಾ ಇದೆ, ನಿಲ್ಸು’ ಎಂಬ ಒಂದು ಮಾತಿನಲ್ಲಿ ಅದಾಗಲೇ ಕಲಿಸಿದ್ದರು. ಹೊದಿಕೆ ಸುಲಿದ ತಾಮ್ರವನ್ನು ಅವರು ಒಮ್ಮೆ ಬಾಗಿಸಿ ನೋಡುತ್ತಿದ್ದರು. ಸುಲಿಯುವಾಗ ಬ್ಲೇಡು ತಾಗಿ ಕಚ್ಚಾಗಿದ್ದರೆ ತಂತಿ ಅಲ್ಲಿಯೇ ಮುರಿಯುತ್ತಿತ್ತು, ನಾನು ಮತ್ತೆ ಮೊದಲಿನಿಂದ ಸುಲಿಯಬೇಕಿತ್ತು.

ಮೇಸ್ತ್ರಿಗಳ ದಾರಿಯ ಬೆಲೆ ನನಗೆ ಪೂರ್ತಿಯಾಗಿ ತಿಳಿದದ್ದು ಹಳೆಯ ಕಟ್ಟಡವೊಂದರಲ್ಲಿ ದೀಪದ ಪಾಯಿಂಟ್ ಬದಲಿಸುವಾಗ. ಆ ಸರ್ಕ್ಯೂಟಿನ ಎಂಸಿಬಿ ಇಳಿಸಿ, ಫೇಸ್ ತಂತಿಗೆ ಟೆಸ್ಟರ್ ತಾಗಿಸಿ, ಬೆಳಕು ಬಾರದ್ದನ್ನು ಖಚಿತಪಡಿಸಿಕೊಂಡು ನ್ಯೂಟ್ರಲ್‌ಗಳ ಜೋಡಣೆಯನ್ನು ಬಿಚ್ಚಲು ಕೈ ಹಾಕಿದ್ದೆ. ಅವರು ನನ್ನ ಮಣಿಕಟ್ಟನ್ನು ಹಿಡಿದು ನಿಲ್ಲಿಸಿ, ‘ನ್ಯೂಟ್ರಲ್ ಪಾಪದ್ದು ಅಂದ್ಕೊಂಡಿದ್ದೀಯಾ?’ ಎಂದು ಕೇಳಿ, ತಂತಿಯನ್ನು ಬಿಚ್ಚದೆಯೇ ಪ್ರವಾಹ ಅಳೆಯುವ ಕ್ಲ್ಯಾಂಪ್ ಮೀಟರನ್ನು ಆ ತಂತಿಗೆ ಸುತ್ತಿಸಿದರು. ಎಂಸಿಬಿ ಇಳಿದಿದ್ದರೂ ಅದರಲ್ಲಿ ಸುಮಾರು 2 ಆಂಪಿಯರ್ ಹರಿಯುತ್ತಿತ್ತು. ಯಾರೋ ಹಿಂದೆ ಪಕ್ಕದ ಸರ್ಕ್ಯೂಟಿನ ಹೊರೆಗೆ ಈ ಸರ್ಕ್ಯೂಟಿನ ನ್ಯೂಟ್ರಲನ್ನು ಎರವಲು ಕೊಟ್ಟಿದ್ದರು. ಜೋಡಣೆ ಬಿಗಿಯಾಗಿರುವವರೆಗೂ ಅಲ್ಲಿ ವೋಲ್ಟೇಜ್ ಕಾಣುವುದಿಲ್ಲ. ಬಿಚ್ಚಿದ ಕ್ಷಣ, ಹೊರೆಯ ಕಡೆಯಿಂದ ಬರುವ ತುದಿ ಪೂರ್ಣ ವೋಲ್ಟೇಜಿಗೆ ಏರುತ್ತದೆ. ಅಂದರೆ ಎಷ್ಟು ಎಚ್ಚರದಿಂದ ಟೆಸ್ಟರ್ ಹಿಡಿದಿದ್ದರೂ ನಾನು ಆಘಾತಕ್ಕೆ ಸಿಕ್ಕುತ್ತಿದ್ದೆ. ದೇಹದ ಮೂಲಕ ಸುಮಾರು 10 ಮಿಲಿಆಂಪಿಯರ್ ಹರಿದರೆ ಹಿಡಿದ ತಂತಿಯನ್ನು ಬಿಡಲಾಗದಂತೆ ಸ್ನಾಯು ಬಿಗಿದುಕೊಳ್ಳಬಹುದು ಎಂಬುದು ನಾನು ಓದಿ ತಿಳಿದ ಸಂಗತಿ. ಅಂದು ಆ ಓದು ನನ್ನ ಕೈಯನ್ನು ತಡೆಯಲಿಲ್ಲ, ಪಕ್ಕದಲ್ಲಿದ್ದವರು ತಡೆದರು.

ಇಷ್ಟಾದರೂ ಮೇಸ್ತ್ರಿಗಳ ದಾರಿ ಸಾಲದು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಏಕೆ ಎಂದು ಕೇಳಿದರೆ ‘ಹಾಗೇ ಮಾಡೋದು’ ಎಂಬುದೇ ಅಲ್ಲಿ ಹೆಚ್ಚಿನ ಸಲ ಸಿಗುತ್ತಿದ್ದ ಉತ್ತರ, ಮತ್ತು ಅವರು ತಪ್ಪಿದಾಗ ನಾನೂ ಅವರ ಜೊತೆಗೇ ತಪ್ಪುತ್ತಿದ್ದೆ. ಒಂದೆಡೆ 2.5 ಚದರ ಮಿಲಿಮೀಟರ್ ತಂತಿಯ ಮೇಲಿನ 16 ಆಂಪಿಯರ್ ಎಂಸಿಬಿ ಮತ್ತೆ ಮತ್ತೆ ಬೀಳುತ್ತಿತ್ತು. ಅವರು ಅದನ್ನು ತೆಗೆದು 32 ಆಂಪಿಯರಿನದನ್ನು ಹಾಕಿ, ‘ಇನ್ಮೇಲೆ ಬೀಳಲ್ಲ’ ಎಂದರು. ಬೀಳಲಿಲ್ಲ. ನಾನು ಅದನ್ನೊಂದು ಪರಿಹಾರವೆಂದೇ ಕಲಿತೆ. ಎಂಸಿಬಿ ಇರುವುದು ಉಪಕರಣವನ್ನು ಕಾಯಲಿಕ್ಕಲ್ಲ, ತಂತಿಯನ್ನು ಕಾಯಲಿಕ್ಕೆ ಎಂಬುದೂ, ಮನೆಬಳಕೆಯ ಎಂಸಿಬಿ ತನ್ನ ಅಂಕಿತ ಪ್ರವಾಹದ 1.13 ಪಟ್ಟನ್ನು ಒಂದು ಗಂಟೆಯವರೆಗೂ ಬೀಳದೆ ತಡೆದುಕೊಳ್ಳುವಂತೆ ಮಾಡಿರುತ್ತಾರೆ ಎಂಬುದೂ ಶಾಲೆಯಲ್ಲಿ ತಿಳಿದಾಗ ಲೆಕ್ಕ ಹಾಕಿ ನೋಡಿದೆ: ಆ 32ರ ಎಂಸಿಬಿ 36 ಆಂಪಿಯರನ್ನು ಸುಮ್ಮನೆ ಹೋಗಗೊಡುತ್ತಿತ್ತು, ಪೈಪಿನೊಳಗಿನ ಆ ತಂತಿಯ ಸಾಮರ್ಥ್ಯ ಅದಕ್ಕಿಂತ ಬಹಳ ಕಡಿಮೆ. ಅಷ್ಟು ದಿನ ಆ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೇಸ್ತ್ರಿಗಳಿಗೆ ಹೇಳಿದೆ, ಇಬ್ಬರೂ ಹೋಗಿ ಬದಲಿಸಿ ಬಂದೆವು. ಮೂಲ ದೋಷ ಒಂದೇ ಸರ್ಕ್ಯೂಟಿಗೆ ಎರಡು ಹೀಟರ್ ಕೊಟ್ಟದ್ದರಲ್ಲಿತ್ತು.

ಶಾಲೆಯ ದೊಡ್ಡ ಗುಣವೆಂದರೆ ಅಲ್ಲಿ ತಪ್ಪು ಕೂಡಲೇ ಬಯಲಾಗುತ್ತದೆ. ಅಭ್ಯಾಸದ ಪ್ರತಿ ಮೇಜಿಗೂ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇತ್ತು. ಮೋಟರನ್ನು ಮೆಲ್ಲಗೆ ಶುರು ಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಜೋಡಿಸುವಾಗ, ಅದರ ಸ್ಟಾರ್ ಮತ್ತು ಡೆಲ್ಟಾ ಕಾಂಟ್ಯಾಕ್ಟರುಗಳು (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚುಗಳು) ಒಟ್ಟಿಗೇ ಮುಚ್ಚಿಕೊಳ್ಳದಂತೆ ತಡೆಯುವ ಇಂಟರ್‌ಲಾಕನ್ನು ನಾನು ಬಿಟ್ಟೇಬಿಟ್ಟಿದ್ದೆ. ಎರಡೂ ಒಟ್ಟಿಗೆ ಮುಚ್ಚಿದರೆ ಮೂರು ಫೇಸ್‌ಗಳು ನೇರವಾಗಿ ಒಂದಕ್ಕೊಂದು ತಾಗುತ್ತವೆ. ಆದರೆ ಅಲ್ಲಿನ ಪದ್ಧತಿಯಂತೆ ಪವರ್ ಸರ್ಕ್ಯೂಟಿಗೆ ಪೂರೈಕೆ ಕೊಡದೆ ಕಂಟ್ರೋಲ್ ಸರ್ಕ್ಯೂಟನ್ನು ಮಾತ್ರ ನಡೆಸಿ ನೋಡಿದ್ದರಿಂದ, ಎರಡು ಕಾಂಟ್ಯಾಕ್ಟರುಗಳು ಒಟ್ಟಿಗೆ ಟಕ್ಕೆಂದ ಸದ್ದಿಗೇ ಶಿಕ್ಷಕರು ತಿರುಗಿ ನೋಡಿದರು. ಕೆಲಸದ ಜಾಗದಲ್ಲಿ ಇಷ್ಟು ಸಾವಧಾನವನ್ನು ನನಗೆ ಯಾರೂ ಕೊಡುತ್ತಿರಲಿಲ್ಲ.

ಅರ್ಥಿಂಗ್ ಎಂದರೆ ಒಂದು ಹಸಿರು ತಂತಿ ಎಂದಷ್ಟೇ ತಿಳಿದಿದ್ದ ನನಗೆ ಅದರ ಲೆಕ್ಕ ತೋರಿಸಿದ್ದೂ ಶಾಲೆಯೇ. ‘ಸಿ’ ವರ್ಗದ ಎಂಸಿಬಿ ಕ್ಷಣದಲ್ಲಿ ಬೀಳಲು ಅದರ ಅಂಕಿತ ಪ್ರವಾಹದ 5ರಿಂದ 10 ಪಟ್ಟು ಹರಿಯಬೇಕು. 16 ಆಂಪಿಯರಿನದಾದರೆ ಬೀಳುವ ಖಾತ್ರಿಗೆ 160 ಆಂಪಿಯರ್ ಬೇಕು. 230 ವೋಲ್ಟ್‌ನಲ್ಲಿ ಅಷ್ಟು ಹರಿಯಬೇಕಾದರೆ ಫೇಸ್ ತಂತಿಯಿಂದ ಅರ್ಥಿಂಗ್ ತಂತಿಯವರೆಗಿನ ಇಡೀ ಸುತ್ತಿನ ರೋಧ 1.44 ಓಮ್ ಮೀರಬಾರದು. ಮೀರಿದ್ದರೆ ಉಪಕರಣದ ಲೋಹದ ಮೈಗೆ ಫೇಸ್ ತಾಗಿದರೂ ಎಂಸಿಬಿ ತಕ್ಷಣ ಬೀಳುತ್ತದೆಂಬ ಭರವಸೆ ಇಲ್ಲ. ಹಾಗಾಗಿಯೇ ಕೆಲಸ ಮುಗಿದ ಮೇಲಿನ ಪರೀಕ್ಷೆಗಳಿಗೆ ಒಂದು ಕ್ರಮವಿದೆ: ಮೊದಲು ಪೂರೈಕೆ ಇಲ್ಲದೆ ತಂತಿಗಳ ಅಖಂಡತೆ, ಆಮೇಲೆ ಮೆಗ್ಗರ್ ಎಂಬ ಅಳತೆಯ ಉಪಕರಣದಿಂದ 500 ವೋಲ್ಟ್ ಡಿಸಿ ಕೊಟ್ಟು ಇನ್ಸುಲೇಷನ್ನಿನ (ತಂತಿಯ ಹೊದಿಕೆಯ) ರೋಧ 1 ಮೆಗಾಓಮ್‌ಗಿಂತ ಕಡಿಮೆ ಇಲ್ಲವೆಂದು ನೋಡುವುದು, ಆಮೇಲೆ ಪೊಲಾರಿಟಿ (ಫೇಸ್, ನ್ಯೂಟ್ರಲ್ ತಮ್ಮ ತಮ್ಮ ಜಾಗದಲ್ಲಿವೆಯೇ ಎಂಬುದು), ಇವೆಲ್ಲ ಸರಿಯಿದ್ದ ಮೇಲೆಯೇ ಪೂರೈಕೆ ಕೊಟ್ಟು ಸುತ್ತಿನ ರೋಧವನ್ನೂ, ಆರ್‌ಸಿಸಿಬಿ ತನ್ನ ಅಂಕಿತ ಸೋರಿಕೆಗೆ 300 ಮಿಲಿಸೆಕೆಂಡಿನೊಳಗೆ, ಅದರ ಐದು ಪಟ್ಟಿಗೆ 40 ಮಿಲಿಸೆಕೆಂಡಿನೊಳಗೆ ಬೀಳುವುದನ್ನೂ ಅಳೆಯುವುದು. ನ್ಯೂಟ್ರಲ್‌ಗೆ ಸ್ವಿಚ್ ಹಾಕಿದ ತಪ್ಪು ಪೊಲಾರಿಟಿ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಕಾಣದ ತಪ್ಪನ್ನು ಕಾಣುವಂತೆ ಮಾಡುವ ಈ ಕ್ರಮ ಮೇಸ್ತ್ರಿಗಳ ಚೀಲದಲ್ಲಿ ಇರಲಿಲ್ಲ. ಅವರ ಬಳಿ ಮೆಗ್ಗರ್ ಇತ್ತು, ಆದರೆ ಅದು ಡಬ್ಬಿಯಿಂದ ಹೊರಬಂದದ್ದನ್ನು ನಾನು 14 ತಿಂಗಳಲ್ಲಿ ಒಮ್ಮೆ ಮಾತ್ರ ಕಂಡೆ.

ಶಾಲೆಯ ಕೊರತೆಯೂ ಅದರ ಇದೇ ಗುಣದಿಂದ ಹುಟ್ಟಿದ್ದು. ಹಲಗೆ ಚಪ್ಪಟೆ, ತಂತಿ ಅರ್ಧ ಮೀಟರ್, ಪ್ರತಿ ಜೋಡಣೆಯೂ ಹೊಸದು. ಬೇರೊಬ್ಬರು ಇಪ್ಪತ್ತು ವರ್ಷದ ಹಿಂದೆ ಮಾಡಿಟ್ಟ ಕೆಲಸದೊಳಗೆ ಕೈ ಹಾಕುವ ಪ್ರಸಂಗವೇ ಇಲ್ಲ. ದೋಷ ಹುಡುಕುವ ಅಭ್ಯಾಸಕ್ಕೆ ಶಿಕ್ಷಕರು ಬೇಕೆಂದೇ ಇಡುತ್ತಿದ್ದ ದೋಷಗಳು ಐದಾರು ಬಗೆಯವು ಮಾತ್ರ. ಕೆಲವು ವಾರಗಳಲ್ಲಿ ನಾವು ಸರ್ಕ್ಯೂಟನ್ನು ಬಿಟ್ಟು ಶಿಕ್ಷಕರ ಮನಸ್ಸನ್ನು ಓದತೊಡಗಿದೆವು. ಆರ್‌ಸಿಸಿಬಿ ಇದ್ದೇ ಇದೆ ಎಂಬ ಧೈರ್ಯದಲ್ಲಿ, ಬಿದ್ದರೆ ಬೀಳಲಿ ಎಂದು ಪರೀಕ್ಷಿಸದೆ ಪೂರೈಕೆ ಕೊಡುವ ಚಟವೂ ತರಗತಿಯಲ್ಲಿ ಹಲವರಿಗೆ ಹತ್ತಿತ್ತು. ಎರವಲು ನ್ಯೂಟ್ರಲಿನ ನೆನಪಿದ್ದ ನನಗೆ ಆ ಚಟ ಹತ್ತಲಿಲ್ಲ. ಮೂರು ದಾರಿಗಳನ್ನು ಈ ಕ್ರಮದಲ್ಲಿ ನಡೆದದ್ದರ ಲಾಭಗಳಲ್ಲಿ ಇದೂ ಒಂದೆಂದು ಎಣಿಸುತ್ತೇನೆ.

ಸಮಯದ ಲೆಕ್ಕದಲ್ಲಿ ಪರದೆಯೇ ಮುಂದೆ, ಆದರೆ ಸ್ವತಂತ್ರವಾಗಿ ಕೆಲಸ ಮಾಡಿ ಅದಕ್ಕೆ ಸಹಿ ಹಾಕುವ ಅರ್ಹತೆಯನ್ನು ಪರದೆಯ ಪ್ರಮಾಣಪತ್ರವೊಂದೇ ತಂದುಕೊಡುವುದಿಲ್ಲ. ಅರ್ಹತಾ ಪರೀಕ್ಷೆಯ ಲಿಖಿತ ಭಾಗವನ್ನು ನಾನು ದಾಟಿದ್ದು ಶಾಲೆಯಿಂದ. ಪ್ರಾಯೋಗಿಕ ಭಾಗದಲ್ಲಿ ನನಗೆ ಸಿಕ್ಕಿದ್ದು, ಯಾವುದೇ ಹೊರೆ ಹಾಕಿದರೂ ಆರ್‌ಸಿಸಿಬಿ ಬೀಳುವ ಬೋರ್ಡು. ಆರ್‌ಸಿಸಿಬಿಯ ಆಚೆ ಎಲ್ಲೋ ನ್ಯೂಟ್ರಲ್ ಅರ್ಥಿಂಗ್ ತಂತಿಗೆ ತಾಗಿದೆ ಎಂದು ಊಹಿಸಿ, ನ್ಯೂಟ್ರಲ್‌ಗಳನ್ನು ಬಿಚ್ಚಿ ಮೆಗ್ಗರ್ ಹಿಡಿಯಬೇಕೆಂಬುದು ಶಾಲೆಯ ಪಾಠ. ದೋಷವಿದ್ದ ಸರ್ಕ್ಯೂಟನ್ನು ನಡುವಿನ ಬಾಕ್ಸಿನಲ್ಲಿ ಬಿಡಿಸಿ, ಅರ್ಧವನ್ನು ನಿರ್ದೋಷಿಯೆಂದು ಬಿಟ್ಟು, ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾ ಹೋಗಬೇಕೆಂಬುದು ಮೇಸ್ತ್ರಿಗಳ ಪಾಠ. ಎರಡರಲ್ಲಿ ಒಂದಿಲ್ಲದಿದ್ದರೂ ಕೊಟ್ಟ ಸಮಯ ಸಾಲುತ್ತಿರಲಿಲ್ಲ.

ಹೊಸದಾಗಿ ಸೇರುವವರಿಗೆ ನನ್ನ ಆಯ್ಕೆ ಶಾಲೆ, ಆದರೆ ಸೇರುವ ಮೊದಲು ಆರು ತಿಂಗಳಾದರೂ ಮೇಸ್ತ್ರಿಯೊಬ್ಬರ ಹಿಂದೆ ಓಡಾಡಿರಬೇಕು. ದುಡಿಯದೆ ಎರಡು ವರ್ಷ ಕೂರುವ ಅನುಕೂಲವಿಲ್ಲದವರು ಮೇಸ್ತ್ರಿಯ ಬಳಿಯೇ ಉಳಿದು, ಲೆಕ್ಕದ ಭಾಗವನ್ನು ಪರದೆಯಿಂದ ತುಂಬಿಕೊಳ್ಳಬಹುದು. ಇದು ನಿಧಾನದ ದಾರಿಯಾದರೂ ಕೆಟ್ಟ ದಾರಿಯಲ್ಲ. ಶಾಲೆ ನೋಡಲು ಹೋದಾಗ, ವಿದ್ಯಾರ್ಥಿ ಜೋಡಿಸಿದ ಬೋರ್ಡಿಗೆ ಪೂರೈಕೆ ಕೊಡುವ ಮೊದಲು ಅದನ್ನು ಯಾರು ಪರೀಕ್ಷಿಸುತ್ತಾರೆಂದು ಕೇಳಿ. ಮೇಸ್ತ್ರಿಯ ಬಳಿ ಹೋದಾಗ ಮೆಗ್ಗರ್ ಇದೆಯೇ ಎಂದು ಕೇಳಬೇಡಿ, ಅದನ್ನು ಕೊನೆಯ ಬಾರಿ ಯಾವ ಕೆಲಸಕ್ಕೆ ಹೊರತೆಗೆದಿರಿ ಎಂದು ಕೇಳಿ.