12 ವರ್ಷದ ಫೈರ್‌ಫಾಕ್ಸ್, ಮೂರು ವಾರದ ಕ್ರ್ಯಾಶ್

ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿ ತುಂಬಿಕೊಡುವುದೇ ದಿನದ ಅರ್ಧ ಕೆಲಸ. 12 ವರ್ಷದಿಂದ ಇಲ್ಲಿ ಇಂಟರ್ನೆಟ್ ನೋಡಲು ಫೈರ್‌ಫಾಕ್ಸ್ ಬ್ರೌಸರನ್ನೇ ಬಳಸುತ್ತಿದ್ದೇನೆ. 2017ರ ನವೆಂಬರ್‌ನಲ್ಲಿ 57ನೇ ಆವೃತ್ತಿ ಬಂದಾಗ ಸಿಕ್ಕ ವೇಗ ಇನ್ನೂ ನೆನಪಿದೆ. ಮೆನುಗಳೆಲ್ಲ ಕನ್ನಡದಲ್ಲೇ ಸಿಗುತ್ತವೆ. ಆದರೆ ಇಲ್ಲಿ ಜಾಸ್ತಿ ಬರೆಯಬೇಕಿರುವುದು ಹೋದ ಜೂನ್‌ನಲ್ಲಿ ಮೂರು ವಾರ ಅದು ಪದೇ ಪದೇ ಕ್ರ್ಯಾಶ್ ಆದ, ಅಂದರೆ ತಾನಾಗೇ ಮುಚ್ಚಿಕೊಂಡ ಬಗ್ಗೆ.

ಒಬ್ಬ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದೆ. ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಅರ್ಧ ಹೊಡೆದಿದ್ದೆ, ಅಷ್ಟರಲ್ಲಿ ಇಡೀ ವಿಂಡೋನೇ ಮಾಯ. "ಹೋಯ್ತಾ ಅಕ್ಕಾ?" ಅಂದಳು. ಮತ್ತೆ ತೆರೆದರೆ ಟ್ಯಾಬ್‌ಗಳೆಲ್ಲ ವಾಪಸ್ ಬಂದವು. ಫೈರ್‌ಫಾಕ್ಸ್ 15 ಸೆಕೆಂಡಿಗೊಮ್ಮೆ ಅದನ್ನೆಲ್ಲ ಉಳಿಸಿಕೊಳ್ಳುತ್ತದೆ. ಆದರೆ ಅರ್ಜಿಯ ಪೋರ್ಟಲ್ ಮತ್ತೆ ಒಟಿಪಿ ಕೇಳಿತು. ಒಟಿಪಿ ಬರುವ ಫೋನ್ ಅಪ್ಪನ ಹತ್ತಿರ, ಅಪ್ಪ ತೋಟದಲ್ಲಿ. ಪಾಪ, ಮಾರನೇ ದಿನ ಮತ್ತೆ ಬಸ್ ಹತ್ತಿ ಬಂದಳು. ಅವತ್ತು ನನಗೆ ತುಂಬ ಬೇಜಾರಾಯಿತು.

ಯಾರನ್ನು ಕೇಳಿದರೂ ಮೊದಲು ಹೇಳುವುದು ಕ್ಯಾಶ್ (ಬ್ರೌಸರ್ ಕೂಡಿಟ್ಟುಕೊಂಡ ಪುಟಗಳ ನಕಲು) ಅಳಿಸಿ ಅಂತ. ಲಾಗಿನ್ ನೆನಪಿಡುವ ಕುಕೀ ಸಮೇತ ಅಳಿಸಿದೆ. ಲಾಗಿನ್‌ಗಳೆಲ್ಲ ಹೋದವು, ಕ್ರ್ಯಾಶ್ ಹಾಗೇ ಉಳಿಯಿತು. ಆಮೇಲೆ ಶಿಫ್ಟ್ ಕೀ ಒತ್ತಿ ಹಿಡಿದು ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಆಗ ಟ್ರಬಲ್‌ಶೂಟ್ ಮೋಡ್‌ನಲ್ಲಿ ತೆರೆಯಲಾ ಅಂತ ಕೇಳುತ್ತದೆ. ಅದರಲ್ಲಿ ಎಕ್ಸ್‌ಟೆನ್ಷನ್‌ಗಳೂ (ಬ್ರೌಸರ್‌ಗೆ ಸೇರಿಸಿಕೊಂಡ ಸಣ್ಣ ಪ್ರೋಗ್ರಾಂಗಳು) ಹಾರ್ಡ್‌ವೇರ್ ಆಕ್ಸಲರೇಷನ್ನೂ (ಪರದೆಯ ಚಿತ್ರದ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವುದು) ಆಫ್ ಆಗಿರುತ್ತವೆ. ಅಲ್ಲಿ ಸರಿಯಾಗಿ ನಡೆದರೆ ಯಾವುದೋ ಎಕ್ಸ್‌ಟೆನ್ಷನ್ ಅಥವಾ ಆ ಚಿಪ್ ನಡೆಸುವ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಡಬಹುದು. ನಮ್ಮದು ಅಲ್ಲೂ ಬಿತ್ತು.

ಕೊನೆಗೆ ದಾರಿ ತೋರಿಸಿದ್ದು ಫೈರ್‌ಫಾಕ್ಸೇ. ಅಡ್ರೆಸ್ ಬಾರ್‌ನಲ್ಲಿ ಇಂಗ್ಲಿಷಿನಲ್ಲಿ ಅಬೌಟ್, ಆಮೇಲೆ ಕೋಲನ್, ಆಮೇಲೆ ಕ್ರ್ಯಾಶಸ್ ಅಂತ ಜಾಗ ಬಿಡದೆ ಹೊಡೆದು ಎಂಟರ್ ಒತ್ತಿ. ಬಿದ್ದಾಗೆಲ್ಲ ಕಳಿಸಿದ ವರದಿಗಳು ತಾರೀಖಿನ ಸಮೇತ ಸಾಲಾಗಿ ಕಾಣುತ್ತವೆ. ಒಂದನ್ನು ತೆರೆದರೆ ಮೇಲ್ಗಡೆ 'ಸಿಗ್ನೇಚರ್' ಅಂತ ಒಂದು ಸಾಲು ಇರುತ್ತದೆ. ಪ್ರೋಗ್ರಾಂ ಯಾವ ಜಾಗದಲ್ಲಿ ಎಡವಿತು ಅನ್ನುವ ಗುರುತು ಅದು. ಉಳಿದದ್ದು ಅರ್ಥವಾಗದಿದ್ದರೂ ಪರವಾಗಿಲ್ಲ. ನಾನು ಒಂಬತ್ತು ವರದಿಗಳ ಆ ಸಾಲನ್ನಷ್ಟೇ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಒಂಬತ್ತೂ ಬೇರೆ ಬೇರೆ!

ಸಾಫ್ಟ್‌ವೇರ್ ತಪ್ಪಾಗಿದ್ದರೆ ಹೆಚ್ಚಾಗಿ ಒಂದೇ ಕಡೆ ಬೀಳಬೇಕು, ಅಲ್ವಾ? ಸಿಕ್ಕ ಸಿಕ್ಕ ಕಡೆ ಬೀಳುತ್ತಿದ್ದರೆ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ನೋಡಬೇಕು. ಇಟ್ಟ ಅಂಕಿಯನ್ನು ರ‍್ಯಾಮ್ ಹಾಗೇ ವಾಪಸ್ ಕೊಡದಿದ್ದರೆ ಯಾವ ಪ್ರೋಗ್ರಾಂ ಆದರೂ ಬೀಳುತ್ತದೆ. ಅದೇ ವಾರ ಪಿಡಿಎಫ್ ಪ್ರೋಗ್ರಾಂ ಕೂಡ ಎರಡು ಸಲ ತಾನಾಗೇ ಮುಚ್ಚಿಕೊಂಡಿತ್ತು. ಆಗ ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಂಗಡಿಯಲ್ಲಿ ಬೆಳಗಿಂದ ರಾತ್ರಿವರೆಗೂ ತೆರೆದಿರುವುದು, ಜಾಸ್ತಿ ಮೆಮೊರಿ ತಿನ್ನುವುದು ಬ್ರೌಸರ್. ಹಾಗಾಗಿ ಏಟು ಅದಕ್ಕೇ ಹೆಚ್ಚು ಬೀಳುತ್ತಿತ್ತು.

ರಿಪೇರಿ ಹುಡುಗ ಬಂದು ರ‍್ಯಾಮ್ ಬಿಚ್ಚಿದ. ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಊದಿ, ಟಕ್ ಅಂತ ಕೂರಿಸಿದ. ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಮತ್ತೆ ಶುರು. ಆಗ ಮೆಮ್‌ಟೆಸ್ಟ್86 ಪ್ಲಸ್ ಅನ್ನೋ, ಮೆಮೊರಿ ಪರೀಕ್ಷಿಸುವ ಉಚಿತ ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ, ರಾತ್ರಿಯಿಡೀ ಓಡಿಸಲು ಬಿಟ್ಟೆ. ಬೆಳಿಗ್ಗೆ ಶಟರ್ ಎತ್ತಿದರೆ ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲು. 4 ಜಿಬಿಯ ಎರಡು ರ‍್ಯಾಮ್‌ಗಳಿದ್ದವು. ಒಂದೊಂದನ್ನೇ ಹಾಕಿ ಪರೀಕ್ಷಿಸಿದಾಗ ಕೆಟ್ಟದ್ದು ಯಾವುದು ಅಂತ ಗೊತ್ತಾಯಿತು. ಅದನ್ನು ತೆಗೆದು 8 ಜಿಬಿಯದು ಹಾಕಿಸಿದೆ. ಆಮೇಲೆ ಫೈರ್‌ಫಾಕ್ಸ್‌ನ ಆ ಕ್ರ್ಯಾಶ್ ವರದಿಗಳ ಪಟ್ಟಿಗೆ ಒಂದೇ ಒಂದು ಹೊಸ ಸಾಲೂ ಸೇರಿಲ್ಲ.

ಬೇಸರ ಇರುವುದು ಒಂದೇ ವಿಷಯಕ್ಕೆ. ಕೆಲವು ಅರ್ಜಿ ಪೋರ್ಟಲ್‌ಗಳನ್ನು ಮಾಡಿದವರು ಫೈರ್‌ಫಾಕ್ಸ್‌ನಲ್ಲಿ ಒಮ್ಮೆ ತೆರೆದೂ ನೋಡಿಲ್ಲ ಅನಿಸುತ್ತದೆ. ಅಪ್‌ಲೋಡ್ ಬಟನ್ ಒತ್ತಿದರೆ ಸುಮ್ನೆ ಕೂತಿರುತ್ತದೆ. ಅಂಥವಕ್ಕೆ ಇನ್ನೊಂದು ಬ್ರೌಸರ್ ಇಟ್ಟುಕೊಂಡಿದ್ದೇನೆ. ಉಳಿದ ಕೆಲಸಕ್ಕೆಲ್ಲ ಇದೇ.

ನಿಮ್ಮ ಪಟ್ಟಿಯಲ್ಲಿ ಪ್ರತಿ ಸಲವೂ ಅದೇ ಸಿಗ್ನೇಚರ್ ಬರುತ್ತಿದ್ದರೆ ರ‍್ಯಾಮ್ ಬಿಚ್ಚಲು ಹೋಗಬೇಡಿ. ಮೊದಲು ಫೈರ್‌ಫಾಕ್ಸ್, ಗ್ರಾಫಿಕ್ಸ್ ಡ್ರೈವರ್ ಎರಡನ್ನೂ ಅಪ್‌ಡೇಟ್ ಮಾಡಿ, ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ.