ಎಬಿಎಸ್‌ಎನ್‌ಗೂ ಸೇರಿ ನೋಡಿದೆ, ಎಡಿಎನ್‌ಗೂ ಸೇರಿ ನೋಡಿದೆ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು, ಅದರಲ್ಲೂ ಮಕ್ಕಳು ಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ ಏನಾದರೂ ಓದೋಣ ಅಂದುಕೊಳ್ಳುವ ಹೆಂಗಸರು, ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ನರ್ಸಿಂಗಿಗೆ ಕಮ್ಯುನಿಟಿ ಕಾಲೇಜು (ಕಡಿಮೆ ಫೀಸಿನ, ಎರಡು ವರ್ಷದ ಕೋರ್ಸಿನ ಸರ್ಕಾರಿ ಕಾಲೇಜು) ಸಾಕಾ, ಯೂನಿವರ್ಸಿಟಿಗೇ ಹೋಗಬೇಕಾ? ನಾನು ಎರಡು ಕಡೆಯೂ ಕೂತು ಬಂದವಳು. ಮೊದಲು ಒಂದು ಖಾಸಗಿ ಯೂನಿವರ್ಸಿಟಿಯ ಎಬಿಎಸ್‌ಎನ್, ಅಂದರೆ ಬೇರೆ ಡಿಗ್ರಿ ಇದ್ದವರು ಒಂದು-ಒಂದೂವರೆ ವರ್ಷದಲ್ಲಿ ಮುಗಿಸುವ ಬಿಎಸ್‌ಎನ್, ನರ್ಸಿಂಗಿನ ಬ್ಯಾಚುಲರ್ ಡಿಗ್ರಿ. ಒಂದು ಸೆಮಿಸ್ಟರ್ ಪಾಸಾಗಿ ಬಿಟ್ಟೆ. ಆಮೇಲೆ ಕಮ್ಯುನಿಟಿ ಕಾಲೇಜಿನಲ್ಲಿ ಎಡಿಎನ್, ಅಂದರೆ ನರ್ಸಿಂಗಿನ ಅಸೋಸಿಯೇಟ್ ಡಿಗ್ರಿ, ಮಾಡಿ ಆರ್‌ಎನ್ (ಲೈಸೆನ್ಸ್ ಇರುವ ರಿಜಿಸ್ಟರ್ಡ್ ನರ್ಸ್) ಆದೆ.

ಊರಿನವರಿಗೆ ಹೇಳುವಾಗ ಎಡಿಎನ್, ಬಿಎಸ್‌ಎನ್ ಅಂದರೆ ನಮ್ಮ ಜಿಎನ್‌ಎಂ ಡಿಪ್ಲೊಮಾ, ಬಿಎಸ್ಸಿ ನರ್ಸಿಂಗ್ ಇದ್ದ ಹಾಗೆ ಅನ್ನುತ್ತೇನೆ. ಇಲ್ಲಿ ಎರಡೂ ಕಡೆಯವರು ಬರೆಯುವುದು ಅದೇ ಎನ್‌ಕ್ಲೆಕ್ಸ್ ಅನ್ನುವ ಲೈಸೆನ್ಸ್ ಪರೀಕ್ಷೆ, ಸಿಗುವುದು ಅದೇ ಲೈಸೆನ್ಸ್. ಉತ್ತರಗಳನ್ನು ನೋಡಿ ಸಾಕು ಅನ್ನಿಸಿದಾಗ ಕಂಪ್ಯೂಟರೇ ಪರೀಕ್ಷೆ ನಿಲ್ಲಿಸುತ್ತದೆ, ನನಗೆ 85ನೇ ಪ್ರಶ್ನೆಗೆ ನಿಂತಿತು. ಅದು ನಿಂತಾಗ ಪಾಸೋ ಫೇಲೋ ಗೊತ್ತಾಗುವುದಿಲ್ಲ. ಪಾರ್ಕಿಂಗಿನಲ್ಲಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ದುಡ್ಡಿನ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ (ಕೋರ್ಸಿನ ಒಂದು ಕ್ರೆಡಿಟ್‌ಗೆ) 46 ಡಾಲರ್. ಯೂನಿಫಾರ್ಮು, ಪುಸ್ತಕ, ಲಸಿಕೆ, ಬಿಎಲ್‌ಎಸ್ (ಜೀವ ಉಳಿಸುವ ಪ್ರಥಮ ಚಿಕಿತ್ಸೆಯ ತರಬೇತಿ) ಕಾರ್ಡು ಎಲ್ಲ ಸೇರಿಸಿದರೂ ನನ್ನ ಇಡೀ ಎಡಿಎನ್‌ನ ಖರ್ಚು ಎಬಿಎಸ್‌ಎನ್‌ನ ಒಂದು ಸೆಮಿಸ್ಟರ್ ಫೀಸಿನ ಕಾಲು ಭಾಗವೂ ಆಗಲಿಲ್ಲ. ಬಿಟ್ಟುಬಂದ ದಿನ ಮನೆಯವರು ಏನೂ ಅನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತು.

ಆದರೆ ಎಡಿಎನ್ ಎರಡು ವರ್ಷದ ಕೋರ್ಸ್ ಅನ್ನುವುದು ಅರ್ಧ ಸುಳ್ಳು. ಮೈಸೂರಿನ ಬಿಕಾಂ ಇಟ್ಟುಕೊಂಡು ಬಂದ ನನಗೆ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಲ್ಯಾಬ್ ಸಮೇತ ಮುಗಿಸಲು ಒಂದೂವರೆ ವರ್ಷ ಹಿಡಿಯಿತು. ಆಮೇಲೆ ಟೀಸ್ ಅನ್ನುವ ಪ್ರವೇಶ ಪರೀಕ್ಷೆ. ಇಷ್ಟೆಲ್ಲ ಆದಮೇಲೆ ಸೀಟು ಕೊಡುವುದು ಕೆಲವು ಕಡೆ ಅಂಕದ ಮೇಲೆ, ಕೆಲವು ಕಡೆ ಲಾಟರಿ ಎತ್ತಿ. ಹೌದು, ಲಾಟರಿ! ನನಗೆ ಎರಡು ಸಲ ಬರಲಿಲ್ಲ. ಆ ಸಿಟ್ಟಿಗೇ ಎಬಿಎಸ್‌ಎನ್ ಸೇರಿದ್ದು. ಅಲ್ಲಿ ಅರ್ಹತೆ ಇತ್ತು, ಫೀಸು ಕಟ್ಟಿದೆ, ಸೀಟು ಸಿಕ್ಕಿತು.

ಅಲ್ಲಿಯ ಸಿಮ್ಯುಲೇಶನ್ ಲ್ಯಾಬ್ ಚೆನ್ನಾಗಿತ್ತು, ಉಸಿರಾಡುವ, ನಾಡಿ ಸಿಗುವ ಬೊಂಬೆಗಳು, ಅದನ್ನು ಒಪ್ಪಿಕೊಳ್ಳಬೇಕು. ಓಟ ಮಾತ್ರ ನನ್ನ ಕೈಲಾಗಲಿಲ್ಲ. ವಾರಕ್ಕೆ ಎರಡು ಟೆಸ್ಟು, ಮಗಳ ಈಜು ಕ್ಲಾಸಿನ ಹೊರಗೆ ಕಾರಿನಲ್ಲಿ ಕೂತು ಮಾತ್ರೆಗಳ ಹೆಸರು ಉರು ಹೊಡೆಯುವುದು, ಅದರ ಮೇಲೆ ಕ್ಲಿನಿಕಲ್, ಅಂದರೆ ರೋಗಿಗಳ ಹತ್ತಿರ ಮಾಡುವ ತರಬೇತಿ, 70 ಮೈಲಿ ದೂರದ ಆಸ್ಪತ್ರೆಯಲ್ಲಿ ಅಂತ ಒಂದು ವಾರ ಮುಂಚೆ ಹೇಳಿದರು. ಬೆಳಗ್ಗೆ ಆರೂಮುಕ್ಕಾಲಿಗೆ ಅಲ್ಲಿರಬೇಕು ಅಂದರೆ ಮಗಳನ್ನು ಎಬ್ಬಿಸುವವರು ಯಾರು?

ಮೂರನೇ ಸಲ ಲಾಟರಿಯಲ್ಲಿ ನನ್ನ ನಂಬರ್ ಬಂತು. ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಸುಲಭ ಅಂದುಕೊಳ್ಳಬೇಡಿ. ಡೋಸೇಜ್ ಲೆಕ್ಕದ ಪರೀಕ್ಷೆಯಲ್ಲಿ ತಪ್ಪಿದರೆ ಮನೆಗೇ. ಆದರೆ ಜೊತೆಗೆ ಕೂತವರು ಬೇರೆ. ಹತ್ತು ವರ್ಷ ಎಲ್‌ವಿಎನ್ (ಆರ್‌ಎನ್‌ಗಿಂತ ಕೆಳಗಿನ ಲೈಸೆನ್ಸಿನ ನರ್ಸ್) ಆಗಿ ದುಡಿದವರು, ವೃದ್ಧಾಶ್ರಮದಲ್ಲಿ ಸಿಎನ್‌ಎ (ನರ್ಸಿಂಗ್ ಸಹಾಯಕಿ) ಆಗಿದ್ದ ಫಿಲಿಪಿನೋ ಅಕ್ಕಂದಿರು. ರೋಗಿಯ ಕೆಳಗೆ ಹಾಸಿರುವ ಡ್ರಾ ಶೀಟ್ ಅನ್ನುವ ಬಟ್ಟೆ ಹಿಡಿದು ನೂರು ಕಿಲೋ ರೋಗಿಯನ್ನು ಸೊಂಟ ನೋಯದ ಹಾಗೆ ಮಗ್ಗುಲಾಗಿಸುವುದನ್ನು ನನಗೆ ಕಲಿಸಿದ್ದು ಟೀಚರ್ ಅಲ್ಲ, ಅಂಥ ಒಬ್ಬ ಅಕ್ಕ.

ಪೆಟ್ಟು ಬಿದ್ದದ್ದು ಕೆಲಸ ಹುಡುಕುವಾಗ. ದೊಡ್ಡ ಆಸ್ಪತ್ರೆಗಳ ನ್ಯೂ ಗ್ರಾಡ್ (ಹೊಸದಾಗಿ ಓದು ಮುಗಿಸಿದವರ) ಫಾರಂನಲ್ಲಿ ಮೊದಲ ಪ್ರಶ್ನೆಯೇ ಬಿಎಸ್‌ಎನ್ ಇದೆಯಾ ಅಂತ. ನಾಲ್ಕು ತಿಂಗಳು ಅಲೆದು ನರ್ಸಿಂಗ್ ಹೋಮ್ (ಇಲ್ಲಿ ಹಾಗಂದರೆ ವಯಸ್ಸಾದವರ ಆರೈಕೆಯ ಜಾಗ) ಒಂದರಲ್ಲಿ ಸೇರಿದೆ, ಒಂದು ವರ್ಷ ಆದಮೇಲೆ ಆಸ್ಪತ್ರೆಗೆ ಬಂದೆ. ಪಬ್ಲಿಕ್ ಹೆಲ್ತ್ ನರ್ಸ್ ಸರ್ಟಿಫಿಕೇಟ್ ಬೇಕು ಅಂದರೂ ಈ ರಾಜ್ಯದಲ್ಲಿ ಬ್ಯಾಚುಲರ್ ಡಿಗ್ರಿ ಬೇಕು. ಈಗ ಆನ್‌ಲೈನ್‌ನಲ್ಲಿ ಆರ್‌ಎನ್-ಟು-ಬಿಎಸ್‌ಎನ್ ಮಾಡುತ್ತಿದ್ದೇನೆ. ಸ್ವಲ್ಪ ಫೀಸು ಆಸ್ಪತ್ರೆಯೇ ಕೊಡುತ್ತದೆ, ಎರಡು ಕೋರ್ಸ್ ಬಾಕಿ.

ಮಕ್ಕಳಿಲ್ಲದ, ವಯಸ್ಸು ಚಿಕ್ಕದಿರುವ ಹುಡುಗಿ ಕೇಳಿದರೆ ಎಬಿಎಸ್‌ಎನ್ ಅಂತಲೇ ಹೇಳುತ್ತೇನೆ, ಒಂದೆರಡು ವರ್ಷ ಮುಂಚೆ ಸಂಬಳ ಶುರುವಾದರೆ ಸಾಲ ತೀರುತ್ತದೆ. ನನ್ನಂಥವರಿಗೆ ಕಮ್ಯುನಿಟಿ ಕಾಲೇಜೇ, ಆದರೆ ನಾಲ್ಕು ವರ್ಷ ಅಂತ ಲೆಕ್ಕ ಇಟ್ಟುಕೊಂಡು ಹೋಗಿ. ಎಲ್ಲಿಗೆ ಅರ್ಜಿ ಹಾಕಿದರೂ ಅದು ರಾಜ್ಯದ ನರ್ಸಿಂಗ್ ಬೋರ್ಡಿನ ಪಟ್ಟಿಯಲ್ಲಿದೆಯಾ ನೋಡಿ. ಯಾವ ಕಾಲೇಜಿನವರು ಎನ್‌ಕ್ಲೆಕ್ಸ್‌ನಲ್ಲಿ ಶೇಕಡಾ ಎಷ್ಟು ಪಾಸಾದರು ಅನ್ನುವುದೂ ಅದೇ ಬೋರ್ಡಿನ ಸೈಟಿನಲ್ಲಿ ಸಿಗುತ್ತದೆ. ನಾನು ಅದನ್ನು ನೋಡಿದ್ದು ಫೀಸು ಕಟ್ಟಿದ ಮೇಲೆ.